ಮಕ್ಕಳ ಆಶ್ರಮದಲ್ಲಿ ಕ್ರಿಸ್‌ಮಸ್: ಮಕ್ಕಳ ಕೈಯೂ ಕೊಡುವ ಕೈ ಆಗುವಂಥ ಹಬ್ಬಕ್ಕೆ ಸಮಗ್ರ ಮಾರ್ಗದರ್ಶಿ

ನಾನು ಮೊದಲ ಸಲ ಒಂದು ಮಕ್ಕಳ ಆಶ್ರಮಕ್ಕೆ ಕ್ರಿಸ್‌ಮಸ್ ಉಡುಗೊರೆ ಹೊತ್ತುಕೊಂಡು ಹೋದಾಗ, ಏಳೆಂಟು ವರ್ಷದ ಒಬ್ಬ ಹುಡುಗಿ ತನ್ನ ಪೊಟ್ಟಣ ಬಿಚ್ಚಿ ನೋಡಿ, ಮತ್ತೆ ಹಾಗೇ ಮಡಚಿಟ್ಟು ಒಳಗೆ ಓಡಿದಳು. ಎರಡು ನಿಮಿಷಕ್ಕೆ ವಾಪಸ್ ಬಂದು ನನ್ನ ಮುಂದೆ ಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ ಅರ್ಧ ಸವೆದ ಗುಲಾಬಿ ಬಣ್ಣದ ರಬ್ಬರು, ಒಂದು ಮೂಲೆಯಲ್ಲಿ ಪೆನ್ಸಿಲ್ ಚುಚ್ಚಿದ ತೂತು. "ಇದು ನಿಮಗೆ" ಅಂದಳು.

"ಬೇಡ ಪುಟ್ಟಿ, ನಿನಗೇ ಬೇಕಾಗುತ್ತೆ, ಇಟ್ಕೋ" ಅಂದೆ. ಒಳ್ಳೆಯ ಮಾತನ್ನೇ ಆಡಿದೆ ಅಂದುಕೊಂಡಿದ್ದೆ. ಅವಳ ಮುಖ ಬಾಡಿತು. ಹೊರಡುವಾಗ ಅಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಅಕ್ಕ ಗೇಟಿನ ತನಕ ಬಂದು ಮೆಲ್ಲಗೆ ಹೇಳಿದರು: "ನೀವು ತಗೋಬೇಕಿತ್ತು. ಈ ಮಕ್ಕಳಿಗೆ ಕೊಡೋರು ಬರ್ತಾನೇ ಇರ್ತಾರೆ. ಇವರ ಕೈಯಿಂದ ತಗೊಳ್ಳೋರು ಯಾರೂ ಇಲ್ಲ."

ಅಲ್ಲಿಂದ ಮುಂದೆ ನಾನು ಈ ಹಬ್ಬಕ್ಕೆ ತಯಾರಿ ಮಾಡುವ ರೀತಿಯೇ ಬದಲಾಯಿತು. ಇಲ್ಲಿ ಉಡುಗೊರೆ ಪಟ್ಟಿ, ಆ ದಿನದ ಸಮಯ, ಸುರಕ್ಷತೆ, ಫೋಟೋ ಎಲ್ಲ ಬರುತ್ತದೆ. ನೀವು ಒಂದು ಕುಟುಂಬವಾಗಿ ಹೋಗುತ್ತಿರಲಿ, ಗೆಳೆಯರ ಗುಂಪಾಗಿರಲಿ, ಆಫೀಸಿನವರು ಅಥವಾ ಚರ್ಚಿನವರಾಗಿರಲಿ, ಕ್ರಮ ಹೆಚ್ಚುಕಮ್ಮಿ ಒಂದೇ. ಆದರೆ ಇಡೀ ಬರಹದ ನಡುವೆ ಇರುವುದು ಆ ರಬ್ಬರಿನ ತುಂಡು.

ಮೊದಲು ಎರಡು ವಿಷಯ ಗೊತ್ತಿರಲಿ

ಒಂದು, "ಅನಾಥ ಮಕ್ಕಳು" ಎಂಬ ಮಾತನ್ನು ಬಿಟ್ಟುಬಿಡಿ. ಪ್ರಪಂಚದ ಯಾವ ಭಾಗಕ್ಕೆ ಹೋದರೂ ಆಶ್ರಮಗಳಲ್ಲಿರುವ ಬಹುಪಾಲು ಮಕ್ಕಳಿಗೆ ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಾದರೂ ಇದ್ದಾರೆ. ಬಡತನ, ಕಾಯಿಲೆ, ಮನೆಯ ಜಗಳ, ಹತ್ತಿರದಲ್ಲಿ ಶಾಲೆ ಇಲ್ಲದಿರುವುದು, ಹೀಗೆ ಕಾರಣ ಹಲವು. ಮೈಕಿನಲ್ಲಿ "ತಂದೆತಾಯಿ ಇಲ್ಲದ ಈ ಕಂದಮ್ಮಗಳಿಗೆ" ಎಂದು ಭಾಷಣ ಶುರು ಮಾಡಿದರೆ, ಮುಂದೆ ಕೂತ ಹುಡುಗನಿಗೆ ಊರಲ್ಲಿರುವ ಅಮ್ಮನ ನೆನಪಾಗುತ್ತದೆ. ಅವಳು ಇಲ್ಲ ಅಂತ ನೀವು ಹೇಳುತ್ತಿದ್ದೀರಿ!

ಎರಡು, ನೀವು ಹೋಗುತ್ತಿರುವುದು ಮಕ್ಕಳ ಮನೆಗೆ. ಅವರು ಮಲಗುವ, ಸ್ನಾನ ಮಾಡುವ, ಜಗಳ ಆಡುವ ಜಾಗ ಅದು. ಯಾರದಾದರೂ ಮನೆಗೆ ಹೋದಾಗ ನೇರವಾಗಿ ಮಲಗುವ ಕೋಣೆಗೆ ನುಗ್ಗಿ ಕಪಾಟು ತೆರೆದು ನೋಡುತ್ತೇವಾ? ಇಲ್ಲ ಅಲ್ವಾ. ಅಲ್ಲೂ ಅಷ್ಟೇ. ಕರೆದರೆ ಮಾತ್ರ ಒಳಗೆ ಹೋಗಿ.

ಯಾವ ಆಶ್ರಮ ಎಂದು ನೋಡುವುದು

ಸರ್ಕಾರದ ನೋಂದಣಿ ಇದೆಯಾ, ಅದು ಈಗಲೂ ಜಾರಿಯಲ್ಲಿದೆಯಾ ಎಂದು ಕೇಳಿ. ಕೇಳಲು ಸಂಕೋಚ ಬೇಡ. ಒಳ್ಳೆಯ ಆಶ್ರಮದವರು ಈ ಪ್ರಶ್ನೆಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ಬದಲಿಗೆ ನಿಮ್ಮನ್ನೇ ನಾಲ್ಕು ಪ್ರಶ್ನೆ ಕೇಳುತ್ತಾರೆ: ಯಾರು ನೀವು, ಎಷ್ಟು ಜನ, ಗುರುತಿನ ಚೀಟಿ ಎಲ್ಲಿ, ಎಷ್ಟು ಹೊತ್ತು ಇರುತ್ತೀರಿ. ಹೀಗೆ ಕೇಳುವ ಜಾಗದ ಮೇಲೆ ನಂಬಿಕೆ ಇಡಿ. ಯಾರು ಯಾವಾಗ ಬಂದರೂ ಬಾಗಿಲು ತೆರೆದು, ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಹಾಡಿಸಿ, ಕುಣಿಸಿ, ಕೊನೆಗೆ ದೇಣಿಗೆ ಪುಸ್ತಕ ಮುಂದಿಡುವ ಜಾಗವಾದರೆ ದೂರ ಇರಿ. ಭೇಟಿ ಕೊಡುವವರ ಹಣಕ್ಕಾಗಿಯೇ ಮಕ್ಕಳನ್ನು ಇಟ್ಟುಕೊಳ್ಳುವ ಆಶ್ರಮಗಳು ಹಲವು ದೇಶಗಳಲ್ಲಿವೆ. 2019ರ ಡಿಸೆಂಬರ್‌ನಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಇಂಥ ಪ್ರವಾಸ ಮತ್ತು ಸ್ವಯಂಸೇವೆಯಿಂದ ಮಕ್ಕಳಿಗೆ ಆಗುವ ಹಾನಿಯನ್ನು ತನ್ನ ನಿರ್ಣಯದಲ್ಲೇ ಎತ್ತಿ ಹೇಳಿತು.

ಎರಡು ತಿಂಗಳ ಮುಂಚೆ: ಬರಿಗೈಯಲ್ಲಿ ಒಂದು ಭೇಟಿ

ಅಕ್ಟೋಬರ್‌ನಲ್ಲೇ ಒಂದು ಸಲ ಹೋಗಿ ಬನ್ನಿ. ಇಬ್ಬರೇ ಸಾಕು. ಮಕ್ಕಳ ಜೊತೆ ಈಗ ಮಾತು ಬೇಡ, ವಾರ್ಡನ್ ಅಥವಾ ನಡೆಸುವವರ ಹತ್ತಿರ ಅರ್ಧ ಗಂಟೆ ಕೂರಿ. "ನಾವು ಹೀಗೆ ಹೀಗೆ ಮಾಡ್ತೀವಿ" ಎಂದು ಹೇಳುವುದಕ್ಕಿಂತ "ಏನು ಮಾಡಿದರೆ ನಿಮಗೆ ಅನುಕೂಲ?" ಎಂದು ಕೇಳಿ. ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ:

- ಒಟ್ಟು ಎಷ್ಟು ಮಕ್ಕಳು, ಯಾವ ವಯಸ್ಸಿನವರು, ಡಿಸೆಂಬರ್ ಕೊನೆಗೆ ಎಷ್ಟು ಜನ ಅಲ್ಲೇ ಇರುತ್ತಾರೆ, ಎಷ್ಟು ಜನ ರಜೆಗೆ ಮನೆಗೆ ಹೋಗುತ್ತಾರೆ
- ಯಾರಿಗೆ ಯಾವ ಆಹಾರ ಆಗಿಬರುವುದಿಲ್ಲ, ಯಾರಿಗೆ ಆಸ್ತಮಾ, ಫಿಟ್ಸ್, ಜೋರು ಶಬ್ದದ ಭಯ ಇದೆ
- ಗಾಲಿಕುರ್ಚಿ ಬಳಸುವ, ಕಿವಿ ಕೇಳದ, ಕಣ್ಣು ಕಾಣದ ಮಕ್ಕಳಿದ್ದಾರಾ
- ಪರೀಕ್ಷೆ ಯಾವಾಗ, ಊಟ ಮತ್ತು ನಿದ್ದೆಯ ಹೊತ್ತು ಯಾವುದು
- ಆ ವಾರ ಬೇರೆ ಯಾವ ಗುಂಪುಗಳು ಬರುತ್ತಿವೆ
- ಅಲ್ಲಿ ಕೆಲಸ ಮಾಡುವವರು ಎಷ್ಟು ಜನ: ಅಡುಗೆಯವರು, ಕಾವಲುಗಾರರು, ರಾತ್ರಿ ಪಾಳಿಯವರು ಎಲ್ಲ ಸೇರಿ

ಕೊನೆಯ ಸಾಲನ್ನು ಮರೆಯಬೇಡಿ. ಮಕ್ಕಳು ಯಾರಿಗೆ ಕೊಡಬೇಕು ಎಂಬ ಪ್ರಶ್ನೆ ಬಂದಾಗ ಈ ಪಟ್ಟಿಯೇ ಕೈಗೆ ಬರುತ್ತದೆ.

ಮಕ್ಕಳ ಕಥೆ, ಅವರು ಅಲ್ಲಿಗೆ ಬಂದ ಕಾರಣ, ಇದನ್ನು ಮಾತ್ರ ಕೇಳಬೇಡಿ. ಕೇಳದೆ ಹೇಳಿದರೂ ಹೊರಗೆ ಯಾರಿಗೂ ಹೇಳಬೇಡಿ.

ತಾರೀಖು: 25ಕ್ಕೇ ಯಾಕೆ?

ಡಿಸೆಂಬರ್ ಕೊನೆಯ ವಾರ ಎಷ್ಟೋ ಆಶ್ರಮಗಳಲ್ಲಿ ದಿನಕ್ಕೆ ಎರಡು ಮೂರು ಗುಂಪು ಬರುತ್ತವೆ. ಒಂದೇ ದಿನ ಮೂರು ಕೇಕು. ಮಕ್ಕಳಿಗೆ ಹೊಟ್ಟೆ ಕೆಡುತ್ತದೆ, ಸುಸ್ತಾಗುತ್ತದೆ, ನಾಲ್ಕನೆಯ ಗುಂಪು ಬಂದಾಗ ಅದೇ ಹಾಡು ಮತ್ತೆ ಹಾಡಬೇಕಾಗುತ್ತದೆ. ಜನವರಿ ಬಂತು ಅಂದರೆ ಯಾರೂ ಇಲ್ಲ.

ಹಬ್ಬದ ಪಂಚಾಂಗವೇ ನಮಗೆ ದಾರಿ ಕೊಡುತ್ತದೆ. ಹಳೆಯ ಕ್ರೈಸ್ತ ಪದ್ಧತಿಯಲ್ಲಿ ಕ್ರಿಸ್‌ಮಸ್ ಒಂದು ದಿನದ್ದಲ್ಲ, ಡಿಸೆಂಬರ್ 25ರಿಂದ 12 ದಿನ. ಜನವರಿ 6ಕ್ಕೆ, ಪೂರ್ವದಿಂದ ಜ್ಞಾನಿಗಳು ಶಿಶು ಯೇಸುವಿಗೆ ಉಡುಗೊರೆ ತಂದದ್ದನ್ನು ನೆನೆಯುವ ಹಬ್ಬ. ಹಳೆಯ ಕ್ಯಾಲೆಂಡರ್ ಹಿಡಿದಿರುವ ಆರ್ಥೊಡಾಕ್ಸ್ ಚರ್ಚುಗಳಿಗೆ ಕ್ರಿಸ್‌ಮಸ್ ಬರುವುದೇ ಜನವರಿ 7ಕ್ಕೆ. ಇನ್ನು ಸಾಂತಾ ಕಥೆಗೆ ಮೂಲವಾದ ಸಂತ ನಿಕೊಲಾಸರ ಹಬ್ಬ ಡಿಸೆಂಬರ್ 6. ಈ ಯಾವ ದಿನ ಹೋದರೂ ನೀವು ಕ್ರಿಸ್‌ಮಸ್ಸನ್ನೇ ಮಾಡುತ್ತಿದ್ದೀರಿ. ನನಗೆ ಜನವರಿ 6ರ ಆಸುಪಾಸು ಇಷ್ಟ. ಗದ್ದಲ ಮುಗಿದಿರುತ್ತದೆ, ಮನೆಗೆ ಹೋದ ಮಕ್ಕಳು ವಾಪಸ್ ಬಂದಿರುತ್ತಾರೆ, ಮನೆ ಬಿಟ್ಟು ಬಂದ ಬೇಸರವೂ ಇರುತ್ತದೆ. ಆ ಹೊತ್ತಿಗೆ ಒಂದು ಹಬ್ಬ ಇದ್ದರೆ ಮಕ್ಕಳಿಗೆ ಆಸರೆ.

ಸಾಂತಾ ಕಥೆ ಹೇಳುವಾಗ ಎಚ್ಚರ

"ಒಳ್ಳೆಯ ಮಕ್ಕಳಿಗೆ ಸಾಂತಾ ಉಡುಗೊರೆ ಕೊಡ್ತಾನೆ" ಎಂದು ನಾವು ಸುಮ್ನೆ ಹೇಳಿಬಿಡುತ್ತೇವೆ. ಆಶ್ರಮದಲ್ಲಿ ಈ ವಾಕ್ಯ ಬೇಡ. ಹೋದ ವರ್ಷ, ಅದರ ಹಿಂದಿನ ವರ್ಷ ಏನೂ ಸಿಗದ ಮಗು ಆಗ ಏನು ಲೆಕ್ಕ ಹಾಕಬೇಕು? ತಾನು ಕೆಟ್ಟವನು, ಅದಕ್ಕೇ ಇಲ್ಲಿದ್ದೇನೆ ಎಂದು. ಎಷ್ಟೋ ಮಕ್ಕಳು ಮನೆಯಿಂದ ದೂರವಾದದ್ದಕ್ಕೆ ಒಳಗೊಳಗೇ ತಮ್ಮನ್ನೇ ದೂರಿಕೊಳ್ಳುತ್ತಿರುತ್ತಾರೆ. ನಮ್ಮ ಮಾತು ಅದಕ್ಕೆ ಸಾಕ್ಷಿ ಆಗಬಾರದು.

ಬದಲಿಗೆ ನಿಕೊಲಾಸರ ಕಥೆ ಹೇಳಿ. ನಾಲ್ಕನೆಯ ಶತಮಾನದಲ್ಲಿ, ಇಂದಿನ ಟರ್ಕಿಯಲ್ಲಿರುವ ಮೈರಾ ಎಂಬ ಊರಿನ ಬಿಷಪ್ ಅವರು. ಕಥೆ ಹೀಗಿದೆ: ಒಬ್ಬ ಬಡ ತಂದೆಗೆ ಮೂರು ಹೆಣ್ಣುಮಕ್ಕಳು, ಮದುವೆ ಮಾಡಲು ಹಣವಿಲ್ಲ. ನಿಕೊಲಾಸ್ ರಾತ್ರಿ ಹೊತ್ತು ಯಾರಿಗೂ ಗೊತ್ತಾಗದ ಹಾಗೆ ಕಿಟಕಿಯಿಂದ ಹೊನ್ನಿನ ಚೀಲ ಒಳಗೆ ಎಸೆದು ಹೋಗುತ್ತಾರೆ. ಹಾಲೆಂಡಿನವರ ಬಾಯಲ್ಲಿ ಅವರ ಹೆಸರು ಸಿಂಟರ್‌ಕ್ಲಾಸ್ ಆಯಿತು, ಅದೇ ಮುಂದೆ ಸಾಂತಾ ಕ್ಲಾಸ್. ಈ ಕಥೆಯಲ್ಲಿ ಒಳ್ಳೆಯವರು ಕೆಟ್ಟವರು ಎಂಬ ಪಟ್ಟಿ ಇಲ್ಲ. ಇರುವುದು ಗುಟ್ಟಾಗಿ ಕೊಡುವ ಖುಷಿ. ಮಕ್ಕಳಿಗೆ ಗುಟ್ಟು ಅಂದರೆ ಪ್ರಾಣ. "ನಾವೂ ಹೀಗೆ ಗುಟ್ಟಾಗಿ ಯಾರಿಗಾದರೂ ಕೊಡೋಣ್ವಾ?" ಎಂದು ಕೇಳಿ ನೋಡಿ.

ಎಲ್ಲ ಮಕ್ಕಳೂ ಕ್ರೈಸ್ತರಾಗಿರುವುದಿಲ್ಲ. 1989ರ ನವೆಂಬರ್ 20ರಂದು ವಿಶ್ವಸಂಸ್ಥೆ ಒಪ್ಪಿಕೊಂಡ ಮಕ್ಕಳ ಹಕ್ಕುಗಳ ಒಡಂಬಡಿಕೆಯ 14ನೇ ವಿಧಿ ಮಗುವಿನ ಧರ್ಮ ಮತ್ತು ಮನಸ್ಸಾಕ್ಷಿಯ ಸ್ವಾತಂತ್ರ್ಯದ ಬಗ್ಗೆಯೇ ಇದೆ. ಪ್ರಾರ್ಥನೆ ಇಡುವುದಾದರೆ ಆಶ್ರಮದವರನ್ನು ಕೇಳಿ, ಸೇರದ ಮಗುವಿಗೆ ಅದೇ ಹೊತ್ತಿಗೆ ಬೇರೆ ಕೆಲಸ ಕೊಡಿ. ನಕ್ಷತ್ರಕ್ಕೆ ಬಣ್ಣ ಹಚ್ಚುವುದು ಸಾಕು. ಉಡುಗೊರೆಗೂ ಧರ್ಮಕ್ಕೂ ಯಾವ ಗಂಟೂ ಇರಬಾರದು.

ಉಡುಗೊರೆ: ಒಬ್ಬರಿಗೆ ಒಂದು, ಹೆಸರಿನ ಸಮೇತ

ಕೈಗೆ ಬಂದ ಹಣವನ್ನು ಮೊದಲೇ ಮೂರು ಪಾಲು ಮಾಡಿ. ಒಂದು ಪಾಲು ಉಡುಗೊರೆಗೆ, ಒಂದು ಹಬ್ಬದ ದಿನಕ್ಕೆ, ಒಂದು ಹಬ್ಬದ ನಂತರದ ತಿಂಗಳುಗಳಿಗೆ. ಮೂರನೆಯದನ್ನು ಮುಟ್ಟಬೇಡಿ, ಅದರ ಕೆಲಸ ಆಮೇಲೆ ಹೇಳುತ್ತೇನೆ.

ಆಶ್ರಮದ ಮಕ್ಕಳಿಗೆ ಸಿಗುವ ಬಹಳಷ್ಟು ವಸ್ತು ಎಲ್ಲರದ್ದು. ಚೆಂಡು ಎಲ್ಲರದ್ದು, ಬಣ್ಣದ ಪೆನ್ಸಿಲ್ ಡಬ್ಬಿ ಎಲ್ಲರದ್ದು, ಕೆಲವು ಕಡೆ ಬಟ್ಟೆ ಕೂಡ. "ಇದು ನನ್ನದು" ಅನ್ನುವಂಥದ್ದು ಕಡಿಮೆ. ಹಾಗಾಗಿ ಒಂದು ದೊಡ್ಡ ಟಿವಿಗಿಂತ ಮೂವತ್ತು ಸಣ್ಣ ಪೊಟ್ಟಣ ಮೇಲು, ಪ್ರತಿಯೊಂದರ ಮೇಲೆ ಒಬ್ಬೊಬ್ಬರ ಹೆಸರು. ಹೆಸರಿನ ಕಾಗುಣಿತ ಸರಿಯಾಗಿರಲಿ. ಅಕ್ಷರ ತಪ್ಪಾದರೆ ಮಗು ಏನೂ ಹೇಳುವುದಿಲ್ಲ, ಆದರೆ ನೋಡಿರುತ್ತದೆ.

ಏನು ಕೊಡಬೇಕು ಎಂದು ಮಕ್ಕಳನ್ನೇ ಕೇಳಿಸಿ. ವಾರ್ಡನ್ ಮೂಲಕ ಒಂದೊಂದು ಚೀಟಿ ಕೊಡಿ, ಮೂರು ಆಸೆ ಬರೆಯಲಿ, ಮೂರರಲ್ಲಿ ಒಂದು ಸಿಗುತ್ತದೆ ಎಂದು ಮುಂಚೆಯೇ ಹೇಳಿರಲಿ. ಬರೆಯಲು ಬಾರದವರು ಚಿತ್ರ ಬಿಡಿಸಲಿ. ಎಲ್ಲರ ಉಡುಗೊರೆಯೂ ಹೆಚ್ಚುಕಮ್ಮಿ ಒಂದೇ ಬೆಲೆಯದ್ದಾಗಿರಲಿ, ಯಾಕಂದರೆ ರಾತ್ರಿ ಹಾಸಿಗೆ ಮೇಲೆ ಕೂತು ಎಲ್ಲರೂ ಹೋಲಿಸಿ ನೋಡುತ್ತಾರೆ. ಹೊಸದನ್ನೇ ಕೊಡಿ. ಹಳೆಯದನ್ನು ಕೊಡುವುದಿದ್ದರೆ ಬೇರೆ ದಿನ, ಆಶ್ರಮಕ್ಕೆ ಬೇಕೇ ಎಂದು ಕೇಳಿ ಕೊಡಿ.

ಹದಿಮೂರು ದಾಟಿದ ಮಕ್ಕಳನ್ನು ಎಲ್ಲರೂ ಮರೆಯುತ್ತಾರೆ. ಚಿಕ್ಕ ಮಕ್ಕಳಿಗೆ ಗೊಂಬೆ, ಕಾರು ಸಲೀಸಾಗಿ ಸಿಗುತ್ತದೆ. ಹದಿನೈದರ ಹುಡುಗನಿಗೂ ಅದೇ ಕಾರು ಕೊಟ್ಟು ಬಂದವರನ್ನು ನೋಡಿದ್ದೇನೆ. ಅವರಿಗೆ ಬೇಕಾಗುವುದು ಬೇರೆ: ಕೈಗಡಿಯಾರ, ಒಳ್ಳೆಯ ಬ್ಯಾಗು, ಇಯರ್‌ಫೋನು, ಬೀಗ ಹಾಕಬಹುದಾದ ಪುಟ್ಟ ಪೆಟ್ಟಿಗೆ. ಆ ಪೆಟ್ಟಿಗೆಯ ಬೆಲೆ ದೊಡ್ಡದಲ್ಲ, ಆದರೆ ಹಂಚಿಕೊಂಡ ಕೋಣೆಯಲ್ಲಿ ಬೆಳೆಯುವ ಹುಡುಗಿಗೆ ಬೀಗದ ಕೈ ತನ್ನ ಹತ್ತಿರ ಇರುವುದು ಎಷ್ಟು ದೊಡ್ಡ ವಿಷಯ ಅಂತ ಅದನ್ನು ಕೊಟ್ಟ ಮೇಲೆಯೇ ನನಗೆ ಗೊತ್ತಾಗಿದ್ದು.

ಇನ್ನೊಂದು ಮಾತು ಮುಂಚೆಯೇ ಆಡಿಕೊಳ್ಳಿ. ನೀವು ಹೋದ ಮೇಲೆ ಉಡುಗೊರೆಗಳನ್ನು ಒಟ್ಟು ಮಾಡಿ ಕಪಾಟಿಗೆ ಸೇರಿಸುವ ಪದ್ಧತಿ ಅಲ್ಲಿದೆಯಾ? ಕಳೆದುಹೋಗುತ್ತದೆ, ಜಗಳ ಆಗುತ್ತದೆ ಎಂಬ ಕಾಳಜಿಯಿಂದಲೇ ಅವರು ಹಾಗೆ ಮಾಡುವುದು. ಇಡುವ ಜಾಗದ ಸಮಸ್ಯೆ ಇದ್ದರೆ ಮಗುವಿಗೊಂದು ಬಟ್ಟೆಚೀಲವನ್ನೂ ಉಡುಗೊರೆಯ ಜೊತೆ ಕೊಡಬಹುದು.

ಸುರಕ್ಷತೆಯ ಬಗ್ಗೆ ಕಟ್ಟುನಿಟ್ಟಾಗಿರಿ. ಮೂರು ವರ್ಷದ ಒಳಗಿನವರಿಗೆ ಸಣ್ಣ ಬಿಡಿಭಾಗ ಇರುವ ಆಟಿಕೆ ಬೇಡ. ಟಾಯ್ಲೆಟ್ ಪೇಪರ್ ಸುತ್ತಿರುವ ರಟ್ಟಿನ ಕೊಳವೆ ಇರುತ್ತದಲ್ಲ, ಅದರೊಳಗೆ ದಾಟಿಹೋಗುವ ವಸ್ತು ಗಂಟಲಿಗೆ ಸಿಕ್ಕಿಕೊಳ್ಳಬಹುದು ಎಂದೇ ಲೆಕ್ಕ. ಬಟನ್ ಸೆಲ್ ಇರುವ ಹೊಳೆಯುವ ಆಟಿಕೆ, ಹಾಡುವ ಕಾರ್ಡು ಬೇಡವೇ ಬೇಡ. ಆ ಸೆಲ್ ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಟ್ಟುಹೋಗಬಹುದು. ಸಣ್ಣ ಬಲವಾದ ಆಯಸ್ಕಾಂತಗಳೂ ಹಾಗೆಯೇ, ಎರಡು ನುಂಗಿದರೆ ಕರುಳಿನ ಗೋಡೆಯ ಆಚೆ ಈಚೆಯಿಂದ ಅಂಟಿಕೊಂಡು ತೂತು ಮಾಡುತ್ತವೆ. ಬಲೂನು ಎಂಟು ವರ್ಷದ ಒಳಗಿನವರ ಬಾಯಿಗೆ ಹೋಗದ ಹಾಗೆ ನೋಡಿಕೊಳ್ಳಿ, ಒಡೆದ ಚೂರುಗಳನ್ನು ಆಗಿಂದಾಗಲೇ ಹೆಕ್ಕಿ.

ಕೊನೆಗೆ ಹೆಸರಿಲ್ಲದ ನಾಲ್ಕು ಪೊಟ್ಟಣ ಜಾಸ್ತಿ ಇಟ್ಟುಕೊಳ್ಳಿ. ಹಬ್ಬದ ಹಿಂದಿನ ರಾತ್ರಿ ಹೊಸ ಮಗು ಬಂದಿರಬಹುದು. ಖಾಲಿ ಚೀಟಿ, ಪೆನ್ನು ಜೇಬಿನಲ್ಲಿರಲಿ. ಅಲ್ಲೇ ಹೆಸರು ಬರೆದು ಅಂಟಿಸಿದರೆ, ತನಗಾಗಿಯೇ ತಂದಿದ್ದಾರೆ ಎಂದು ಆ ಮಗುವಿಗೆ ಅನಿಸುತ್ತದೆ.

ಎರಡು ವಾರ ಮುಂಚೆ: ಮಕ್ಕಳು ಕೊಡುವ ತಯಾರಿ

ಸಮಯ ಕಡಿಮೆ ಇದ್ದರೆ ಬೇರೆ ಏನನ್ನಾದರೂ ಬಿಡಿ, ಇದನ್ನು ಬಿಡಬೇಡಿ.

ದಾನ ತೆಗೆದುಕೊಳ್ಳುತ್ತಲೇ ಬೆಳೆದ ಮಗುವಿಗೆ ತನ್ನ ಹತ್ತಿರ ಕೊಡುವಂಥದ್ದು ಏನೋ ಇದೆ ಎಂದು ತಿಳಿಯುವ ಅವಕಾಶವೇ ಬರುವುದಿಲ್ಲ. ಕೊಡುವವನಿಗೆ ಒಂದು ಆಯ್ಕೆ ಇರುತ್ತದೆ: ಯಾರಿಗೆ, ಏನು, ಯಾವಾಗ. ಆ ಆಯ್ಕೆ ಮಾಡುವಾಗ ಮಗುವಿನ ಬೆನ್ನು ನೆಟ್ಟಗಾಗುತ್ತದೆ. ಕಣ್ಣಾರೆ ನೋಡಿದ್ದೇನೆ.

ನಾನು ಮಾಡುವ ದಾರಿ ಎರಡು.

ಮೊದಲನೆಯದು ಕೈಕೆಲಸದ ಮಧ್ಯಾಹ್ನ. ಶನಿವಾರ ಎರಡು ಗಂಟೆ ಹೊತ್ತು, ನಾಲ್ಕೈದು ಮೇಜು. ಗಟ್ಟಿ ಕಾಗದ, ಉಣ್ಣೆ ದಾರ, ಅಂಟು, ಬಟ್ಟೆ ಚೂರು, ಬಣ್ಣ, ಮೊಂಡು ತುದಿಯ ಕತ್ತರಿ. ಪುಸ್ತಕದ ಗುರುತುಪಟ್ಟಿ, ಕೈಬಳೆ, ಫೋಟೋ ಚೌಕಟ್ಟು, ಗ್ರೀಟಿಂಗ್ ಕಾರ್ಡು, ಹೀಗೆ ಒಂದು ಗಂಟೆಯಲ್ಲಿ ಮುಗಿಯುವಂಥವು. ಮಾದರಿ ಒಂದನ್ನು ತೋರಿಸಿ, ಆಮೇಲೆ ಕೈ ಹಿಂದೆ ಕಟ್ಟಿಕೊಳ್ಳಿ. ಮಗು ಅಂಟು ಜಾಸ್ತಿ ಹಾಕಿದೆ, ನಕ್ಷತ್ರಕ್ಕೆ ಆರು ಮೂಲೆ ಬಂದಿದೆ, ಬರಲಿ. ನೀವು ತಿದ್ದಿದ ಕೂಡಲೇ ಅದು ನಿಮ್ಮದಾಗಿಬಿಡುತ್ತದೆ.

ಎರಡನೆಯದು ನನಗೆ ತುಂಬ ಪ್ರಿಯವಾದದ್ದು: ದುಡ್ಡಿಲ್ಲದ ಅಂಗಡಿ. ಒಂದು ಕೋಣೆಯಲ್ಲಿ ಉದ್ದ ಮೇಜಿನ ಮೇಲೆ ಸಣ್ಣಪುಟ್ಟ ಹೊಸ ವಸ್ತು ಜೋಡಿಸಿ: ಬಾಚಣಿಗೆ, ಕರವಸ್ತ್ರ, ಪೆನ್ನು, ಟಾರ್ಚು, ಸೋಪು, ಕ್ಲಿಪ್ಪು, ಕಾಲುಚೀಲ, ಬೀಗದ ಕೈ ಗೊಂಚಲು, ಪುಟ್ಟ ಡೈರಿ. ಮಕ್ಕಳ ಸಂಖ್ಯೆಯ ಎರಡರಷ್ಟಾದರೂ ಇರಲಿ, ಕೊನೆಗೆ ಬಂದವರಿಗೂ ಆಯ್ಕೆ ಉಳಿಯಬೇಕು. ಒಂದು ಸಲಕ್ಕೆ ಇಬ್ಬರೇ ಒಳಗೆ ಬರಲಿ. ನಿಯಮ ಒಂದೇ: ತನಗೆ ತೆಗೆದುಕೊಳ್ಳುವ ಹಾಗಿಲ್ಲ, ಬೇರೆಯವರಿಗೆ ಒಂದು. ಆರಿಸಿ, ಪಕ್ಕದ ಮೇಜಿನಲ್ಲಿ ತಾವೇ ಕಾಗದ ಸುತ್ತಿ, ಹೆಸರು ಬರೆದು, ಗುಟ್ಟಿನ ಪೆಟ್ಟಿಗೆಗೆ ಹಾಕಬೇಕು.

ಒಂದು ವರ್ಷ ಒಂಬತ್ತು ವರ್ಷದ ಹುಡುಗನೊಬ್ಬ ಆ ಮೇಜಿನ ಮುಂದೆ ಇಪ್ಪತ್ತು ನಿಮಿಷ ನಿಂತ. ಹೊರಗೆ ಸಾಲು ಬೆಳೆಯುತ್ತಿತ್ತು. ಟಾರ್ಚು ಎತ್ತಿ ಹೊತ್ತಿಸಿ ನೋಡಿದ, ಕೆಳಗಿಟ್ಟ. ಕಾಲುಚೀಲ ಮುಟ್ಟಿದ, ಬಿಟ್ಟ. ಟಾರ್ಚು ಅವನಿಗೇ ಬೇಕು ಎಂದು ನಮಗೆಲ್ಲ ಗೊತ್ತಾಗುತ್ತಿತ್ತು. ಕೊನೆಗೆ ಅದನ್ನೇ ಎತ್ತಿಕೊಂಡು ಸುತ್ತುವ ಮೇಜಿಗೆ ಬಂದ. ಕಾಗದ ಅಳತೆಗೆ ಬರಲಿಲ್ಲ, ಮೂರು ತುಂಡು ಸೇರಿಸಿ, ಟೇಪು ಹಲ್ಲಲ್ಲಿ ಕಚ್ಚಿ ಹರಿದು, ಎಲ್ಲ ಕಡೆ ಅಂಟಿಸಿದ. ಚೀಟಿಯಲ್ಲಿ "ವಾಚ್‌ಮನ್ ತಾತ" ಎಂದು ಬರೆದ. "ರಾತ್ರಿ ಗೇಟ್ ಹತ್ರ ಕತ್ತಲೆ ಇರುತ್ತೆ" ಎಂದು ನನಗೆ ಹೇಳಿದ, ಇದನ್ನೂ ವಿವರಿಸಬೇಕಾ ಅನ್ನುವ ಧಾಟಿಯಲ್ಲಿ.

ಯಾರಿಗೆ ಎಂದು ಮಕ್ಕಳೇ ನಿರ್ಧರಿಸಲಿ, ಆದರೆ ಯಾರೂ ಬಿಟ್ಟುಹೋಗಬಾರದು. ಅದಕ್ಕೆ ಕೈಕೆಲಸದ ಉಡುಗೊರೆಗೆ ಚೀಟಿ ಎತ್ತಿಸಿ, ಅಂದರೆ ಪ್ರತಿ ಮಗುವಿಗೂ ಇನ್ನೊಂದು ಮಗುವಿನಿಂದ ಒಂದು ಬರುತ್ತದೆ. ಅಂಗಡಿಯ ಉಡುಗೊರೆ ಮಾತ್ರ ಪೂರ್ತಿ ಅವರ ಇಷ್ಟ. ಅಡುಗೆ ಅಕ್ಕ, ಪಾಠ ಹೇಳಿಕೊಡುವವರು, ಬೇರೆ ಆಶ್ರಮದಲ್ಲಿರುವ ತಂಗಿ, ಊರಲ್ಲಿರುವ ಅಮ್ಮ. ಹೊರಗೆ ಕಳಿಸುವುದಾದರೆ ವಾರ್ಡನ್ ಕೈಯಲ್ಲಿ ಹೋಗಲಿ. ಯಾರನ್ನು ಸಂಪರ್ಕಿಸುವುದು ಮಗುವಿಗೆ ಒಳ್ಳೆಯದು ಎಂದು ಅವರಿಗೆ ಗೊತ್ತಿರುತ್ತದೆ. ಕೆಲಸದವರ ಪಟ್ಟಿ ಹಿಡಿದು ನೋಡಿ, ಯಾರಿಗೂ ಬಾರದ ಹೆಸರಿದ್ದರೆ ದೊಡ್ಡ ಮಕ್ಕಳಿಗೆ ಮೆಲ್ಲಗೆ ಹೇಳಿ. ಅವರು ಸರಿಮಾಡುತ್ತಾರೆ.

"ನನಗೆ ಯಾರೂ ಇಲ್ಲ, ಯಾರಿಗೆ ಕೊಡ್ಲಿ?" ಎಂದು ಒಂದು ಮಗು ಕೇಳಬಹುದು. ಸಮಾಧಾನದ ಮಾತು ಬೇಡ. "ಇವತ್ತು ಬೆಳಿಗ್ಗೆ ಯಾರು ನಿನಗೆ ತಲೆ ಬಾಚಿದ್ದು?" "ಆಟಕ್ಕೆ ಯಾರ ಜೊತೆ ಹೋಗ್ತೀಯ?" ಎಂದು ಕೇಳಿ. ಹೆಸರು ತಾನಾಗಿ ಹೊರಬರುತ್ತದೆ.

ದೊಡ್ಡ ಮಕ್ಕಳಿಗೆ ಇನ್ನೂ ದೊಡ್ಡ ಹೊಣೆ ಕೊಡಬಹುದು. ಹತ್ತಿರದ ವೃದ್ಧಾಶ್ರಮಕ್ಕೆ ಹೋಗಿ ಅಜ್ಜ ಅಜ್ಜಿಯರಿಗೆ ಓದಿ ಹೇಳುವುದು, ಚಿಕ್ಕವರಿಗೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿ, ಕಟ್ಟುವುದು ಕಲಿಸುವುದು. ಗೋದಲಿಯ ಕಥೆಯೂ ಹೇಳಲು ಚೆನ್ನಾಗಿದೆ. 1223ರಲ್ಲಿ ಇಟಲಿಯ ಗ್ರೆಚ್ಚೊ ಎಂಬ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸ್ ಒಣಹುಲ್ಲು, ಎತ್ತು, ಕತ್ತೆ ತರಿಸಿ ಯೇಸು ಹುಟ್ಟಿದ ದೃಶ್ಯವನ್ನು ಜೀವಂತವಾಗಿ ಕಟ್ಟಿಸಿದರು. ದುಬಾರಿ ಗೊಂಬೆಗಳೇ ಬೇಕಿಲ್ಲ ಎಂದು ಮಕ್ಕಳಿಗೆ ಇದರಿಂದ ಅರ್ಥವಾಗುತ್ತದೆ. ರಟ್ಟಿನ ಡಬ್ಬಿ, ಒಣಹುಲ್ಲು, ಮಣ್ಣು ಸಾಕು.

ಹಬ್ಬದ ದಿನ, ಮೂರು ಗಂಟೆ

ಮೂರು ಗಂಟೆಗಿಂತ ಜಾಸ್ತಿ ಬೇಡ, ಮಕ್ಕಳಿಗೆ ದಣಿವಾಗುತ್ತದೆ. ಹೇಳಿದ ಹೊತ್ತಿಗೆ ಸರಿಯಾಗಿ ಹೋಗಿ. ನೀವು ಒಂದು ಗಂಟೆ ತಡ ಮಾಡಿದರೆ ಅಷ್ಟು ಹೊತ್ತು ಹೊಸ ಬಟ್ಟೆ ಹಾಕಿಕೊಂಡು ಮಕ್ಕಳು ಬಾಗಿಲ ಹತ್ತಿರ ಕೂತಿರುತ್ತಾರೆ, ಮತ್ತು ಬರುತ್ತೇವೆ ಅಂದವರು ಬಾರದ ಅನುಭವ ಅವರಿಗೆ ಮೊದಲೇ ಇದೆ.

ಮೊದಲ ಅರ್ಧ ಗಂಟೆ ಎಲ್ಲರೂ ಸೇರಿ ಅಲಂಕಾರ ಮಾಡಿ. ಅಲಂಕಾರ ಮುಗಿಸಿಟ್ಟು ಮಕ್ಕಳನ್ನು ಕರೆಯುವುದಕ್ಕಿಂತ ಏಣಿ ನೀವು ಹಿಡಿದು, ನಕ್ಷತ್ರ ಅವರು ಕಟ್ಟುವುದು ಚೆನ್ನ. ಕೈಯಲ್ಲಿ ಕೆಲಸ ಇದ್ದರೆ ಮಾತು ಸಲೀಸಾಗಿ ಬರುತ್ತದೆ. ನಿಜವಾದ ಮೇಣದಬತ್ತಿ ಬೇಡ, ಕಾಗದ ಮತ್ತು ಹತ್ತಿಯ ಅಲಂಕಾರದ ಹತ್ತಿರವಂತೂ ಬೇಡವೇ ಬೇಡ.

ಆಮೇಲೆ ಹಾಡು, ಆಟ. ಮಕ್ಕಳು ನಿಮ್ಮೆದುರು ಕುಣಿಯಲೇಬೇಕು ಎಂದು ಇಟ್ಟುಕೊಳ್ಳಬೇಡಿ. ಇಷ್ಟ ಇದ್ದವರು ಹಾಡಲಿ, ನೀವೂ ಹಾಡಿ. ಭಾಷಣ ಬೇಡ. ಸಾಂತಾ ವೇಷ ಹಾಕುವುದಾದರೆ ಮುಖವಾಡ ಬಿಟ್ಟು ಬರೀ ಗಡ್ಡ, ಟೋಪಿ ಇರಲಿ, ಎಲ್ಲರ ಎದುರಲ್ಲೇ ಹಾಕಿಕೊಳ್ಳಿ. ಪುಟ್ಟ ಮಕ್ಕಳು ಹೆದರುವುದಿಲ್ಲ. ಆಶ್ರಮದ ಹಿರಿಯ ಹುಡುಗನೇ ಸಾಂತಾ ಆದರೆ ಇನ್ನೂ ಚೆಂದ.

ಊಟ ಬಡಿಸಿ ನಿಂತು ನೋಡಬೇಡಿ. ಅವರ ಸಾಲಿನಲ್ಲೇ, ಅದೇ ತಟ್ಟೆಯಲ್ಲಿ ಕೂತು ತಿನ್ನಿ. ಐದು ವರ್ಷದ ಒಳಗಿನವರಿಗೆ ಇಡೀ ಗೋಡಂಬಿ, ಬಾದಾಮಿಯಂಥವು ಬೇಡ. ಒಂದು ವರ್ಷದ ಒಳಗಿನ ಕೂಸಿಗೆ ಜೇನುತುಪ್ಪ ಬೇಡ.

ಉಡುಗೊರೆ ಹೊತ್ತು ಬಂದಾಗ ಮೊದಲು ಗುಟ್ಟಿನ ಪೆಟ್ಟಿಗೆ ತೆರೆಯಿರಿ. ಅಂದರೆ ಮಕ್ಕಳು ಮೊದಲು ಕೊಡಲಿ, ಆಮೇಲೆ ತೆಗೆದುಕೊಳ್ಳಲಿ. ಈ ಕ್ರಮವನ್ನು ಎಷ್ಟೇ ಆತುರ ಇದ್ದರೂ ಬದಲಿಸಬೇಡಿ, ಹೊರಗಿನ ದೊಡ್ಡ ಪೊಟ್ಟಣಗಳು ಮೊದಲು ಬಂದರೆ ಅವರ ಕಾಗದದ ಪೊಟ್ಟಣಗಳು ಮಂಕಾಗಿ ಕಾಣುತ್ತವೆ. ಆ ವಾಚ್‌ಮನ್ ತಾತ ಟಾರ್ಚು ಬಿಚ್ಚಿ, ಹಗಲಲ್ಲೇ ಹೊತ್ತಿಸಿ, ಮೇಲಿನ ಸೂರಿಗೆ ಬೆಳಕು ಬಿಟ್ಟರು. ಹುಡುಗ ಎಲ್ಲರ ಹಿಂದೆ ನಿಂತು ನೋಡುತ್ತಿದ್ದ.

ನಿಮ್ಮ ಉಡುಗೊರೆಗಳನ್ನು ವೇದಿಕೆಗೆ ಕರೆದು ಕೊಡಬೇಡಿ. ಐದಾರು ಮಕ್ಕಳ ಗುಂಪು ಮಾಡಿ, ಆ ಗುಂಪನ್ನು ನೋಡಿಕೊಳ್ಳುವ ಅಕ್ಕನ ಕೈಯಿಂದಲೇ ಕೊಡಿಸಿ. ನಾಳೆ ಬೆಳಿಗ್ಗೆಯೂ ಜೊತೆಗಿರುವವರು ಅವರು. "ಥ್ಯಾಂಕ್ಯೂ ಹೇಳು" ಎಂದು ಒತ್ತಾಯ ಬೇಡ. ಕೆಲವರು ಈಗಲೇ ಬಿಚ್ಚುತ್ತಾರೆ, ಕೆಲವರು ದಿಂಬಿನ ಕೆಳಗಿಟ್ಟು ರಾತ್ರಿ ಬಿಚ್ಚುತ್ತಾರೆ. ಎರಡೂ ಸರಿ.

ಒಂದು ಮಗು ಅತ್ತರೆ ಗಾಬರಿ ಬೇಡ. ಹಬ್ಬದ ದಿನ ಮನೆ ನೆನಪಾಗುವುದು ಸಹಜ. ಗದ್ದಲ ಇಲ್ಲದ ಒಂದು ಕೋಣೆ, ಮಗುವಿಗೆ ಗೊತ್ತಿರುವ ಅಕ್ಕ, ಇಷ್ಟು ಮೊದಲೇ ಗೊತ್ತುಮಾಡಿರಿ. "ಹಬ್ಬದ ದಿನ ಅಳಬಾರದು" ಎಂದು ಮಾತ್ರ ಹೇಳಬೇಡಿ.

ಜೊತೆಗೆ ಬರುವವರಿಗೆ ಮೊದಲೇ ಹೇಳಬೇಕಾದದ್ದು

ಹತ್ತು ಜನ ಸಾಕು. ಹಿಂದಿನ ದಿನ ಎಲ್ಲರನ್ನೂ ಕೂರಿಸಿ ಇಷ್ಟು ಹೇಳಿ: ಮಗುವಿನ ಜೊತೆ ಒಬ್ಬರೇ ಮುಚ್ಚಿದ ಕೋಣೆಯಲ್ಲಿ ಇರುವ ಹಾಗಿಲ್ಲ. ನಿಮ್ಮ ಅಪ್ಪ ಅಮ್ಮ ಎಲ್ಲಿ, ಇಲ್ಲಿಗೆ ಯಾಕೆ ಬಂದೆ ಎಂದು ಕೇಳುವ ಹಾಗಿಲ್ಲ. ಫೋನ್ ನಂಬರ್ ಕೊಡುವ ಹಾಗಿಲ್ಲ. ಗುಟ್ಟಾಗಿ ಹಣ, ತಿಂಡಿ ಕೊಡುವ ಹಾಗಿಲ್ಲ. ಯಾರಾದರೂ ಹೊಡೆಯುತ್ತಾರೆ, ಮುಟ್ಟುತ್ತಾರೆ ಎಂದು ಮಗು ಹೇಳಿಕೊಂಡರೆ ಪೂರ್ತಿ ಕೇಳಿ, ಯಾರಿಗೂ ಹೇಳಲ್ಲ ಎಂದು ಮಾತು ಕೊಡಬೇಡಿ, ಅವತ್ತೇ ಹೊಣೆ ಹೊತ್ತವರಿಗೆ ತಿಳಿಸಿ. ದೂರು ಆಶ್ರಮದವರ ಮೇಲೆಯೇ ಇದ್ದರೆ ನೇರವಾಗಿ ಮಕ್ಕಳ ರಕ್ಷಣೆಯ ಅಧಿಕಾರಿಗಳಿಗೆ ತಿಳಿಸಿ.

ಬಂದ ಕೂಡಲೇ ಕೆಲವು ಮಕ್ಕಳು ಓಡಿಬಂದು ತಬ್ಬಿಕೊಳ್ಳುತ್ತಾರೆ. "ಎಷ್ಟು ಬೇಗ ಹಚ್ಚಿಕೊಂಡ್ರು ನೋಡಿ" ಎಂದು ನಮಗೆ ಸಂತೋಷವಾಗುತ್ತದೆ. ಅದರ ಹಿಂದೆ ಒಂದು ನೋವಿದೆ. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ದಲ್ಲಿ ಶುರುವಾದ ಅಧ್ಯಯನವೊಂದು ಆಶ್ರಮಗಳಲ್ಲಿದ್ದ 136 ಪುಟ್ಟ ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿತು. ಅರ್ಧದಷ್ಟು ಮಕ್ಕಳನ್ನು ಸಾಕು ಕುಟುಂಬಗಳಿಗೆ ಕಳಿಸಲಾಯಿತು, ಅವರ ಬೆಳವಣಿಗೆ ಆಶ್ರಮದಲ್ಲೇ ಉಳಿದವರಿಗಿಂತ ಚೆನ್ನಾಗಿ ಆಯಿತು. ಒಬ್ಬರೇ ಒಬ್ಬರು ಸ್ಥಿರವಾಗಿ ಜೊತೆಗಿಲ್ಲದೆ ಬೆಳೆಯುವ ಮಕ್ಕಳು ಗುರುತಿಲ್ಲದವರ ಹಿಂದೆಯೂ ಹಿಂಜರಿಯದೆ ಹೋಗಿಬಿಡುವುದನ್ನು ತಜ್ಞರು ಮತ್ತೆ ಮತ್ತೆ ಕಂಡಿದ್ದಾರೆ. ಹಾಗಾಗಿ ತಬ್ಬಿದರೆ ತಳ್ಳಬೇಡಿ, ಆದರೆ "ಬಾ, ನಿಮ್ಮ ಅಕ್ಕನಿಗೂ ತೋರಿಸೋಣ" ಎಂದು ಅವರ ಸ್ವಂತದವರ ಕಡೆಗೇ ಕರೆದೊಯ್ಯಿರಿ. "ಮತ್ತೆ ಬರ್ತೀನಿ" ಎಂಬ ಮಾತು ತಾರೀಖು ಗೊತ್ತಿದ್ದರೆ ಮಾತ್ರ.

ಫೋಟೋ ವಿಷಯದಲ್ಲಿ ನನ್ನದು ಗಟ್ಟಿ ನಿಲುವು: ಮಕ್ಕಳ ಮುಖ ಬೇಡ. ಖಾಸಗಿತನ ಅವರ ಹಕ್ಕು, ಮೇಲೆ ಹೇಳಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೇ ವಿಧಿ ಅದು. ಹತ್ತು ವರ್ಷದ ನಂತರ ಕೆಲಸಕ್ಕೆ ಸೇರಿದ ಜಾಗದಲ್ಲಿ ಯಾರೋ ಆ ಫೋಟೋ ತೋರಿಸುವುದು ಅವರಿಗೆ ಬೇಕಿರುವುದಿಲ್ಲ. ನಕ್ಷತ್ರ, ಗೋದಲಿ, ಅಂಟು ಮೆತ್ತಿದ ಕೈಗಳು ಸಾಕು. ಫೋನುಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿ ಬಾಗಿಲಲ್ಲೇ ಇಟ್ಟುಬಿಡಿ. ನಿಮಗೂ ಆ ಮೂರು ಗಂಟೆ ಪೂರ್ತಿ ಸಿಗುತ್ತದೆ.

ಹೊರಡುವಾಗ, ಹೊರಟ ಮೇಲೆ

ಕಸ ನೀವೇ ತೆಗೆಯಿರಿ. ಹಬ್ಬದ ಮರುದಿನ ಅಡುಗೆ ಅಕ್ಕ ರಾಶಿ ಕಾಗದ ಗುಡಿಸುವ ಹಾಗಾಗಬಾರದು. ಲೆಕ್ಕ ಬರೆದು ಆಶ್ರಮಕ್ಕೆ ಒಂದು ಪ್ರತಿ, ಹಣ ಕೊಟ್ಟವರಿಗೆ ಒಂದು ಪ್ರತಿ ಕೊಡಿ.

ಮೂರನೆಯ ಪಾಲು ಹಣ ನೆನಪಿದೆಯಾ? ಅದರಲ್ಲಿ ಮೊದಲು ಕೇಳಬೇಕಾದದ್ದು: ಪ್ರಯಾಣದ ಖರ್ಚಿಲ್ಲದ ಕಾರಣಕ್ಕೆ ಮನೆಗೆ ಹೋಗಲಾಗದ ಮಕ್ಕಳಿದ್ದಾರಾ? ಮಗುವನ್ನು ನೋಡಲು ಬರಲಾಗದ ಅಮ್ಮಂದಿರಿದ್ದಾರಾ? 2009ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಪರ್ಯಾಯ ಆರೈಕೆಯ (ಹೆತ್ತವರ ಬಳಿ ಇಲ್ಲದ ಮಕ್ಕಳ ಆರೈಕೆಯ) ಮಾರ್ಗಸೂಚಿಗಳು ಮಗುವನ್ನು ಕುಟುಂಬದ ಜೊತೆ ಉಳಿಸುವುದಕ್ಕೆ, ಇಲ್ಲವೇ ಮರಳಿಸುವುದಕ್ಕೆ ಮೊದಲ ಜಾಗ ಕೊಡುತ್ತವೆ. ಸಮಾಜಕಾರ್ಯಕರ್ತರು ಒಪ್ಪಿದರೆ, ಒಂದು ಬಸ್ ಟಿಕೆಟ್ ನೀವು ಕೊಟ್ಟ ಎಲ್ಲ ಉಡುಗೊರೆಗಿಂತ ದೊಡ್ಡದು. ಉಳಿದದ್ದು ಕನ್ನಡಕ, ಹಲ್ಲಿನ ಚಿಕಿತ್ಸೆ, ಟ್ಯೂಷನ್, ಹದಿನೆಂಟು ತುಂಬಿ ಹೊರಗೆ ಕಾಲಿಡುವವರ ಮೊದಲ ತಿಂಗಳ ಬಾಡಿಗೆ ಇಂಥವಕ್ಕೆ. ಏನು ಬೇಕು ಎಂದು ಫೆಬ್ರವರಿಯಲ್ಲಿ ಕೇಳಿ. ಆಗ ಬೇರೆ ಯಾರೂ ಕೇಳುತ್ತಿರುವುದಿಲ್ಲ.

ಹೋಗಿ ಬಂದ ವಾರದಲ್ಲೇ ಎಲ್ಲ ಮಕ್ಕಳ ಹುಟ್ಟುಹಬ್ಬದ ಪಟ್ಟಿ ಕೇಳಿ ಪಡೆದು, ಗುಂಪಿನಲ್ಲಿ ಹಂಚಿಕೊಂಡು, ಒಬ್ಬೊಬ್ಬರು ಮೂರು ಮೂರು ಮಕ್ಕಳಿಗೆ ಕಾರ್ಡು ಕಳಿಸುವುದು ಎಂದು ಗೊತ್ತುಮಾಡಿ. ಕಳಿಸುವುದನ್ನು ನಡುವೆ ನಿಲ್ಲಿಸುವ ಹಾಗಿದ್ದರೆ ಶುರು ಮಾಡಬೇಡಿ.

ಹೊರಡುವ ಹೊತ್ತಿಗೆ ನಿಮ್ಮ ಕೈಗೂ ಏನಾದರೂ ಬರಬಹುದು. ಸುಕ್ಕಾದ ಕಾರ್ಡು, ಒಂದು ಗೋಲಿ, ಅರ್ಧ ಚಾಕೊಲೇಟು. ಎರಡೂ ಕೈಯಲ್ಲಿ ತೆಗೆದುಕೊಳ್ಳಿ. ಆ ಹುಡುಗಿಯ ಹತ್ತಿರ ಮುಂದಿನ ವರ್ಷ ನಾನೇ ಹೋಗಿ ಕೇಳಿದೆ, "ಅವತ್ತು ಒಂದು ರಬ್ಬರ್ ಕೊಡೋಕೆ ಬಂದಿದ್ದೆ, ಈಗಲೂ ಕೊಡ್ತೀಯಾ?" ಅದು ಸವೆದು ಮುಗಿದಿತ್ತಂತೆ. ಸ್ವಲ್ಪ ಯೋಚಿಸಿ, ಒಳಗೆ ಓಡಿಹೋಗಿ ನೀಲಿ ಕ್ರೇಯಾನ್ ತಂದಳು. ಅದು ಈಗಲೂ ನನ್ನ ಮೇಜಿನ ಮೇಲಿದೆ, ನಾನು ಅದರಲ್ಲೇ ಕ್ಯಾಲೆಂಡರಿನಲ್ಲಿ ಆಶ್ರಮಕ್ಕೆ ಹೋಗುವ ದಿನಗಳಿಗೆ ಸುತ್ತು ಹಾಕುತ್ತೇನೆ.